ಚೆರ್ಮಿಸ್ ರೋಪ್‌ವೇ ದುರಂತ: ಮಿತ್ರದೇಶದ ಯುದ್ಧವಿಮಾನದಿಂದ ಜನ ಸತ್ತರೆ ವಿಚಾರಣೆ ಯಾರದು, ಪರಿಹಾರ ಯಾರದು? – ಪದೇ ಪದೇ ಕೇಳುವ ಪ್ರಶ್ನೆಗಳು

ಶತ್ರುದೇಶದ ವಿಮಾನ ಬಂದು ನಮ್ಮವರನ್ನು ಕೊಂದರೆ ಏನು ಮಾಡಬೇಕೆಂದು ಎಲ್ಲ ಸರ್ಕಾರಗಳಿಗೂ ಗೊತ್ತು. ನಾವೇ ಕರೆದು ನೆಲೆ ಕೊಟ್ಟ ಮಿತ್ರನ ವಿಮಾನದಿಂದ ಜನ ಸತ್ತಾಗ ಮಾತ್ರ ತೊಡಕು ಶುರುವಾಗುತ್ತದೆ. 1998ರಲ್ಲಿ ಇಟಲಿ ಮತ್ತು ಅಮೆರಿಕದ ನಡುವೆ ಆದದ್ದು ಇದೇ. ಆ ಪ್ರಕರಣವನ್ನು ಮುಖ್ಯವಾಗಿಟ್ಟುಕೊಂಡು, ಸ್ಪೇನ್, ಡೆನ್ಮಾರ್ಕ್, ಜಪಾನ್‌ಗಳ ಅನುಭವವನ್ನೂ ಸೇರಿಸಿ ಉತ್ತರ ಕೊಟ್ಟಿದ್ದೇವೆ.

1998ರ ಫೆಬ್ರವರಿ 3ರಂದು ಆದದ್ದೇನು?

ಉತ್ತರ ಇಟಲಿಯ ಟ್ರೆಂಟಿನೊ ಪ್ರಾಂತ್ಯದಲ್ಲಿ ಕವಲೇಸೆ ಎಂಬ ಊರಿದೆ. ಅಲ್ಲಿಂದ ಚೆರ್ಮಿಸ್ ಬೆಟ್ಟಕ್ಕೆ, ಹಿಮದ ಮೇಲೆ ಸ್ಕೀ ಆಡಲು ಹೋಗುವವರಿಗಾಗಿ ರೋಪ್‌ವೇ ಹಾಕಿದ್ದರು. ಅಂದು ಮಧ್ಯಾಹ್ನ 3 ಗಂಟೆ 13 ನಿಮಿಷಕ್ಕೆ ಅಮೆರಿಕದ ಮರೀನ್ ಕೋರ್‌ನ ಇಎ–6ಬಿ ಪ್ರೌಲರ್ ವಿಮಾನ ಕಣಿವೆಯೊಳಗೆ ತೀರಾ ಕೆಳಗೆ ಹಾರಿ ಬಂದು ರೋಪ್‌ವೇಯ ಉಕ್ಕಿನ ಹಗ್ಗವನ್ನು ಕತ್ತರಿಸಿತು. ಕೆಳಗಿಳಿಯುತ್ತಿದ್ದ ಹಳದಿ ಕ್ಯಾಬಿನ್ 80 ಮೀಟರಿಗೂ ಹೆಚ್ಚು ಆಳಕ್ಕೆ ಬಿತ್ತು. ಒಳಗಿದ್ದ 19 ಪ್ರವಾಸಿಗರು ಮತ್ತು ಒಬ್ಬ ನಿರ್ವಾಹಕ, ಒಟ್ಟು 20 ಜನ ಸತ್ತರು. ಎದುರು ದಿಕ್ಕಿನಲ್ಲಿ ಮೇಲೇರುತ್ತಿದ್ದ ಇನ್ನೊಂದು ಕ್ಯಾಬಿನ್‌ನಲ್ಲಿ ಅದರ ನಿರ್ವಾಹಕ ಒಬ್ಬನೇ ಇದ್ದ. ಅದು ಗಾಳಿಯಲ್ಲಿ ತೂಗಾಡುತ್ತ ನಿಂತಿತು. ಆತನನ್ನು ಹೆಲಿಕಾಪ್ಟರ್ ತಂದು ಇಳಿಸಿದರು.

ವಿಮಾನದ ರೆಕ್ಕೆಗೂ ಬಾಲಕ್ಕೂ ಪೆಟ್ಟಾಗಿತ್ತು. ಆದರೂ ಅದು ಇಟಲಿಯಲ್ಲೇ ಇರುವ ಅವಿಯಾನೊ ವಾಯುನೆಲೆಗೆ ಮರಳಿ ಇಳಿಯಿತು. ನಾಲ್ವರು ಸಿಬ್ಬಂದಿಯೂ ಕ್ಷೇಮ.

ಸತ್ತವರೆಲ್ಲ ಇಟಲಿಯವರೇ?

ಅಲ್ಲ. ಇಟಲಿಯವರು ಮೂವರೇ. ಜರ್ಮನಿಯವರು 8, ಬೆಲ್ಜಿಯಂನವರು 5, ಪೋಲೆಂಡ್‌ನವರು 2, ಆಸ್ಟ್ರಿಯಾ ಮತ್ತು ನೆದರ್ಲೆಂಡ್ಸ್‌ನವರು ತಲಾ ಒಬ್ಬರು. ಹಾಗಾಗಿ ಇದನ್ನು ಇಟಲಿ–ಅಮೆರಿಕ ಜಗಳ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಜರ್ಮನಿ, ಬೆಲ್ಜಿಯಂಗಳಲ್ಲೂ ಸಿಟ್ಟಿತ್ತು. ಆದರೆ ಘಟನೆ ನಡೆದ ನೆಲ ಇಟಲಿಯದು, ನೆಲೆ ಕೊಟ್ಟ ದೇಶವೂ ಇಟಲಿ. ಒಪ್ಪಂದದ ಪ್ರಕಾರ ಮಾತಾಡುವ ಹಕ್ಕಿದ್ದದ್ದು ಅದೊಂದಕ್ಕೇ.

ವಿಮಾನ ಎಷ್ಟು ಎತ್ತರದಲ್ಲಿ ಹಾರಬೇಕಿತ್ತು?

ಆ ಪ್ರದೇಶದಲ್ಲಿ ಕನಿಷ್ಠ 2,000 ಅಡಿ, ಅಂದರೆ ಸುಮಾರು 610 ಮೀಟರ್. ಪೈಲಟ್ ತನಗೆ ಗೊತ್ತಿದ್ದ ಮಿತಿ 1,000 ಅಡಿ ಎಂದ. ತಂತಿ ಕತ್ತರಿಸಿದ್ದು ನೆಲದಿಂದ ಸುಮಾರು 110 ಮೀಟರ್ ಎತ್ತರದಲ್ಲಿ, ಅಂದರೆ ಹತ್ತಿರಹತ್ತಿರ 360 ಅಡಿ. ಮಿತಿ ಎರಡು ಸಾವಿರವೋ ಒಂದು ಸಾವಿರವೋ ಎಂಬ ವಾದ ನ್ಯಾಯಾಲಯದಲ್ಲಿ ಬಹಳ ಹೊತ್ತು ನಡೆಯಿತು. ನಮ್ಮ ಕಣ್ಣಿಗೆ ಅದು ಪಕ್ಕದಾರಿ. ಪೈಲಟ್ ಹೇಳಿದ್ದನ್ನೇ ಒಪ್ಪಿಕೊಂಡರೂ ವಿಮಾನ ಇದ್ದದ್ದು ಆ ಮಿತಿಯ ಅರ್ಧಕ್ಕಿಂತ ಕೆಳಗೆ.

ವೇಗ ಗಂಟೆಗೆ ಸುಮಾರು 870 ಕಿಲೋಮೀಟರ್. ಸೆಕೆಂಡಿಗೆ ಲೆಕ್ಕ ಹಾಕಿದರೆ 240 ಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಕಿಲೋಮೀಟರ್ ದೂರದಲ್ಲಿ ತಂತಿ ಕಂಡರೂ ಪೈಲಟ್‌ಗೆ ಸಿಗುವುದು ನಾಲ್ಕೇ ಸೆಕೆಂಡು. ಅದೂ ಕಂಡರೆ. ಹಿಮದ ಬೆಟ್ಟದ ಹಿನ್ನೆಲೆಯಲ್ಲಿ ಬೂದು ಬಣ್ಣದ ಹಗ್ಗ ಅಷ್ಟು ದೂರದಿಂದ ಕಾಣುವುದೇ ಕಷ್ಟ. ಕನಿಷ್ಠ ಎತ್ತರದ ನಿಯಮ ಇರುವುದೇ ಇದಕ್ಕೆ: ಕಣ್ಣಿಗೆ ಕಾಣದ್ದು ಕೆಳಗೇ ಉಳಿಯಲಿ ಎಂದು.

ನಕ್ಷೆಯಲ್ಲಿ ಆ ರೋಪ್‌ವೇ ಇರಲೇ ಇಲ್ಲವಂತೆ, ನಿಜವೇ?

ನಿಜ. ಸಿಬ್ಬಂದಿ ಬಳಸಿದ್ದ ಅಮೆರಿಕದ ನಕ್ಷೆಯಲ್ಲಿ ಆ ತಂತಿಯ ಗುರುತಿರಲಿಲ್ಲ. ಪೈಲಟ್ ಪರ ವಕೀಲರು ಮುಖ್ಯವಾಗಿ ಹಿಡಿದ ಎಳೆಗಳಲ್ಲಿ ಇದೂ ಒಂದು. ನೆಲದಿಂದ ಎಷ್ಟು ಮೇಲಿದ್ದೇವೆಂದು ಅಳೆಯುವ ರೇಡಾರ್ ಆಲ್ಟಿಮೀಟರ್ ಸರಿಯಾಗಿ ಕೆಲಸ ಮಾಡಲಿಲ್ಲ ಎಂಬುದು ಇನ್ನೊಂದು. ಕಣಿವೆಯ ಇಳಿಜಾರು ಕಣ್ಣಿಗೆ ಮೋಸ ಮಾಡಿತು, ವಿಮಾನ ಇದ್ದದ್ದಕ್ಕಿಂತ ಎತ್ತರದಲ್ಲಿದೆ ಎಂದು ಪೈಲಟ್‌ಗೆ ಅನ್ನಿಸಿತು ಎಂಬುದು ಮೂರನೆಯದು.

ಮೂರರಲ್ಲೂ ಏನೋ ಸ್ವಲ್ಪ ಹುರುಳಿದೆ. ನಕ್ಷೆಯ ತಪ್ಪಂತೂ ಪೈಲಟ್‌ನದಲ್ಲ. ಅದು ಇಡೀ ವ್ಯವಸ್ಥೆಯದು. ಇಂಥ ಅಪಘಾತಗಳಲ್ಲಿ ಯಾವಾಗಲೂ ಹೀಗೇ: ಹಾರಿದವನದ್ದಷ್ಟೇ ಅಲ್ಲ, ಅವನಿಗೆ ಕಾಗದ ಕೊಟ್ಟವರದ್ದೂ, ಕಾಗದದಲ್ಲಿರುವುದನ್ನು ಓದಿದನೇ ಎಂದು ನೋಡದವರದ್ದೂ ಪಾಲಿರುತ್ತದೆ. ಆದರೆ ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನೆಯ ನ್ಯಾಯಾಲಯದಲ್ಲಿ, ಕಟಕಟೆಯಲ್ಲಿ ನಿಲ್ಲುವುದು ವ್ಯಕ್ತಿ, ವ್ಯವಸ್ಥೆಯಲ್ಲ. ವ್ಯವಸ್ಥೆಯ ತಪ್ಪನ್ನು ತೋರಿಸಿ ವ್ಯಕ್ತಿಯನ್ನು ಬಿಡಿಸುವುದು ಯಾವ ಒಳ್ಳೆಯ ವಕೀಲನಿಗೂ ಗೊತ್ತಿರುವ ದಾರಿ.

ಅಮೆರಿಕದ ವಿಮಾನ ಇಟಲಿಯಲ್ಲಿ ಇದ್ದದ್ದೇಕೆ?

ಎರಡೂ ನೇಟೊ ಸದಸ್ಯ ದೇಶಗಳು. ಬೋಸ್ನಿಯಾದ ಶಾಂತಿಪಾಲನೆಗೆ ನೇಟೊ ವಿಮಾನಗಳು ಹಾರುತ್ತಿದ್ದುದು ಅವಿಯಾನೊದಿಂದ. ಪ್ರೌಲರ್ ಶತ್ರುವಿನ ರೇಡಾರನ್ನು ಕುರುಡು ಮಾಡುವ ವಿಮಾನ, ಬಾಂಬರ್ ಅಲ್ಲ. ಅಂದಿನದು ಯುದ್ಧದ ಹಾರಾಟವೂ ಅಲ್ಲ, ಕೆಳಮಟ್ಟದಲ್ಲಿ ಹಾರುವ ತರಬೇತಿ.

'ಸೋಫಾ' ಎಂಬ ಪದ ಎಲ್ಲ ವರದಿಗಳಲ್ಲೂ ಬರುತ್ತದೆ. ಏನದು?

ಕೂರುವ ಸೋಫಾ ಅಲ್ಲ. ಒಂದು ದೇಶದ ಸೈನಿಕರು ಇನ್ನೊಂದು ದೇಶದಲ್ಲಿ ಬೀಡುಬಿಟ್ಟಾಗ ಅವರಿಗೆ ಯಾವ ಕಾನೂನು ಅನ್ವಯ ಎಂದು ತೀರ್ಮಾನಿಸುವ ಒಪ್ಪಂದದ ಹೆಸರಿನ ಮೊದಲಕ್ಷರಗಳು ಅವು. ಕನ್ನಡದಲ್ಲಿ ಸೇನಾಪಡೆಗಳ ಸ್ಥಾನಮಾನ ಒಪ್ಪಂದ ಎನ್ನಬಹುದು. ನೇಟೊ ದೇಶಗಳ ಒಪ್ಪಂದಕ್ಕೆ 1951ರ ಜೂನ್ 19ರಂದು ಲಂಡನ್‌ನಲ್ಲಿ ಸಹಿ ಬಿತ್ತು. ಇದರಲ್ಲಿ ಸೈನಿಕರ ವೀಸಾ, ಸುಂಕ, ವಾಹನ ಚಾಲನಾ ಪರವಾನಗಿಯಂಥ ವಿಷಯಗಳೂ ಇವೆ. ಅಪಘಾತವಾದಾಗ ಎಲ್ಲರೂ ತೆರೆದು ಓದುವುದು ಎರಡೇ ವಿಧಿಗಳನ್ನು. 7ನೇ ವಿಧಿ ಯಾರು ವಿಚಾರಣೆ ನಡೆಸಬೇಕು ಎಂದು ಹೇಳುತ್ತದೆ. 8ನೇ ವಿಧಿ ಯಾರು ಹಣ ಕೊಡಬೇಕು ಎಂದು ಹೇಳುತ್ತದೆ. ಚೆರ್ಮಿಸ್ ಬಗ್ಗೆ ಎರಡು ದೇಶಗಳ ನಡುವೆ ಎರಡು ವರ್ಷ ನಡೆದ ಹಗ್ಗಜಗ್ಗಾಟವೆಲ್ಲ ಈ ಎರಡು ವಿಧಿಗಳ ಒಳಗೇ ನಡೆಯಿತು.

ಇಟಲಿಯ ನೆಲ, ಇಟಲಿಯ ಬೆಟ್ಟ. ಇಟಲಿಯ ನ್ಯಾಯಾಲಯಕ್ಕೆ ಅಧಿಕಾರ ಏಕಿಲ್ಲ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. 7ನೇ ವಿಧಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಓದಬೇಕು.

ಮೊದಲು, ಕೃತ್ಯ ಒಂದೇ ದೇಶದ ಕಾನೂನಿನಲ್ಲಿ ಅಪರಾಧವೇ, ಎರಡೂ ದೇಶಗಳ ಕಾನೂನಿನಲ್ಲಿ ಅಪರಾಧವೇ ಎಂದು ನೋಡಬೇಕು. ಒಂದೇ ದೇಶದಲ್ಲಿ ಅಪರಾಧವಾದರೆ ಆ ದೇಶವೇ ವಿಚಾರಣೆ ಮಾಡುತ್ತದೆ, ಜಗಳವಿಲ್ಲ. ನಿರ್ಲಕ್ಷ್ಯದಿಂದ ಸಾವು ತರುವುದು ಎರಡೂ ಕಡೆ ಅಪರಾಧ. ಆಗ ಇಬ್ಬರಿಗೂ ಅಧಿಕಾರ ಇರುತ್ತದೆ, ಆದರೆ ಒಬ್ಬರಿಗೆ ಮೊದಲ ಹಕ್ಕು. ಸಾಮಾನ್ಯವಾಗಿ ಆ ಮೊದಲ ಹಕ್ಕು ನೆಲದ ಒಡೆಯನದು. ಅಮೆರಿಕದ ಸೈನಿಕನೊಬ್ಬ ರಜೆಯಲ್ಲಿ ಕುಡಿದು ಕಾರು ಓಡಿಸಿ ಯಾರನ್ನಾದರೂ ಕೊಂದರೆ ಇಟಲಿಯ ನ್ಯಾಯಾಲಯವೇ ವಿಚಾರಣೆ ಮಾಡಬಹುದು. ಇದಕ್ಕೆ ದೊಡ್ಡ ಅಪವಾದ ಅಧಿಕೃತ ಕರ್ತವ್ಯ. ಕರ್ತವ್ಯದಲ್ಲಿದ್ದಾಗ ಮಾಡಿದ ಅಥವಾ ಮಾಡದೆ ಬಿಟ್ಟ ಕೃತ್ಯವಾದರೆ ಮೊದಲ ಹಕ್ಕು ಸೈನಿಕನನ್ನು ಕಳಿಸಿದ ದೇಶಕ್ಕೆ ಹೋಗುತ್ತದೆ.

ತರಬೇತಿ ಹಾರಾಟ ಕರ್ತವ್ಯವೇ. 1998ರ ಜುಲೈನಲ್ಲಿ ಟ್ರೆಂಟೊ ನ್ಯಾಯಾಧೀಶರು ಇದನ್ನೇ ಎತ್ತಿಹಿಡಿದು, ವಿಚಾರಣೆಯ ಹಕ್ಕು ಇಟಲಿಗಿಲ್ಲ ಎಂದರು. ಇಟಲಿಯ ಪ್ರಾಸಿಕ್ಯೂಟರ್‌ಗಳು ಬಲವಾಗಿ ಬೇಡಿದ್ದರೂ ಸೋತರು.

ಕರ್ತವ್ಯ ಎಂದರೆ ನಿಯಮ ಮೀರಿ ಹಾರುವುದೂ ಸೇರುತ್ತದೆಯೇ?

ಸೇರುತ್ತದೆ, ಮತ್ತು ಜನರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು ಇದೇ. ಒಪ್ಪಂದ ಕೇಳುವುದು ಹಾರಾಟಕ್ಕೆ ಆದೇಶ ಇತ್ತೇ ಎಂದು. ಆ ಆದೇಶವನ್ನು ಸರಿಯಾಗಿ ಪಾಲಿಸಿದನೇ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗಬೇಕಾದ ವಿಷಯ. ಆದೇಶ ಮೀರಿದ ಕೂಡಲೇ ಕರ್ತವ್ಯ ಮುಗಿಯಿತು ಎಂದು ಓದಿದರೆ ಆ ಅಪವಾದಕ್ಕೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ಕಟಕಟೆಗೆ ಬರುವವನು ಏನಾದರೂ ಒಂದು ಆದೇಶ ಮೀರಿಯೇ ಇರುತ್ತಾನೆ. ಕಾನೂನಾಗಿ ಇದು ಸರಿ. ಮಕ್ಕಳನ್ನು ಕಳೆದುಕೊಂಡವರ ಮುಂದೆ ನಿಂತು ಹೀಗೆ ವಿವರಿಸುವುದು ಬೇರೆ ಮಾತು.

ಅಮೆರಿಕ ತನ್ನ ಹಕ್ಕನ್ನು ಬಿಟ್ಟುಕೊಡಬಹುದಿತ್ತೇ?

ಬಿಡಬಹುದಿತ್ತು. ಒಂದು ದೇಶ ತನಗೆ ಪ್ರಕರಣ ಬಹಳ ಮುಖ್ಯ ಎಂದು ಕೋರಿದರೆ, ಮೊದಲ ಹಕ್ಕಿರುವ ದೇಶ ಆ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕು ಎಂದು ಅದೇ 7ನೇ ವಿಧಿ ಹೇಳುತ್ತದೆ. ಇಟಲಿ ಕೋರಿತು. ಅಮೆರಿಕ ಪರಿಶೀಲಿಸಿ ಆಗುವುದಿಲ್ಲ ಎಂದಿತು. ಪರಿಶೀಲಿಸಬೇಕು ಎಂದರೆ ಒಪ್ಪಬೇಕು ಎಂದಲ್ಲ. ತನ್ನ ಪೈಲಟ್‌ಗಳನ್ನು ಪರದೇಶದ ನ್ಯಾಯಾಲಯಕ್ಕೆ ಒಪ್ಪಿಸಿದ ಉದಾಹರಣೆ ಒಮ್ಮೆ ಹುಟ್ಟಿಕೊಂಡರೆ, ನೆಲೆಗಳಿರುವ ಪ್ರತಿ ದೇಶವೂ ನಾಳೆ ಅದನ್ನೇ ಕೇಳುತ್ತದೆ ಎಂಬುದು ಅಮೆರಿಕದ ಹಳೆಯ ಭಯ.

ಕೋರ್ಟ್ ಮಾರ್ಷಲ್‌ನಲ್ಲಿ ಏನಾಯಿತು?

ನಾಲ್ವರಲ್ಲಿ ಹಿಂದಿನ ಆಸನದ ಇಬ್ಬರ ಮೇಲಿನ ಆರೋಪಗಳನ್ನು ಮೊದಲೇ ಕೈಬಿಟ್ಟರು. ಪೈಲಟ್ ಕ್ಯಾಪ್ಟನ್ ರಿಚರ್ಡ್ ಆಶ್ಬಿಯ ವಿಚಾರಣೆ ಉತ್ತರ ಕೆರೊಲಿನಾದ ಕ್ಯಾಂಪ್ ಲಜೂನ್ ನೆಲೆಯಲ್ಲಿ ನಡೆಯಿತು. ಉದ್ದೇಶವಿಲ್ಲದ ನರಹತ್ಯೆಯ 20 ಆರೋಪಗಳು, ಸತ್ತ ಒಬ್ಬೊಬ್ಬರಿಗೆ ಒಂದೊಂದು. ತೀರ್ಪುಗಾರರು ಎಂಟು ಮಂದಿ, ಎಲ್ಲರೂ ಮರೀನ್ ಅಧಿಕಾರಿಗಳು. 1999ರ ಮಾರ್ಚ್ 4ರಂದು ಖುಲಾಸೆ. ಅದರ ಹಿಂದೆಯೇ ನ್ಯಾವಿಗೇಟರ್ ಕ್ಯಾಪ್ಟನ್ ಜೋಸೆಫ್ ಶ್ವೈಟ್ಜರ್ ಮೇಲಿನ ನರಹತ್ಯೆ ಆರೋಪಗಳೂ ಬಿದ್ದುಹೋದವು.

20 ಸಾವಿಗೆ ಇಂದಿಗೂ ಯಾರೊಬ್ಬರಿಗೂ ಶಿಕ್ಷೆಯಾಗಿಲ್ಲ.

ಹಾಗಾದರೆ ಪೈಲಟ್ ಜೈಲಿಗೆ ಹೋದನಲ್ಲ, ಅದೇಕೆ?

ವಿಡಿಯೊ ಟೇಪಿಗಾಗಿ. ಕಾಕ್‌ಪಿಟ್‌ನಲ್ಲಿ ಒಂದು ಕೈ ಕ್ಯಾಮೆರಾ ಇತ್ತು, ಹಾರಾಟದ ಭಾಗವೊಂದನ್ನು ಚಿತ್ರಿಸಿದ್ದರು. ಪೆಟ್ಟು ತಿಂದ ವಿಮಾನ ಅವಿಯಾನೊದಲ್ಲಿ ಇಳಿದ ಮೇಲೆ ಆ ಟೇಪನ್ನು ತೆಗೆದು ಖಾಲಿ ಟೇಪ್ ಹಾಕಿದರು. ನಂತರ ಶ್ವೈಟ್ಜರ್ ಅಸಲಿ ಟೇಪನ್ನು ಬೆಂಕಿಗೆ ಹಾಕಿದ. ಅದರಲ್ಲಿ ಅಪಘಾತದ ಕ್ಷಣ ಇರಲಿಲ್ಲ ಎಂದೇ ಅವರು ಹೇಳಿದ್ದು. ಇರಲಿಲ್ಲವಾದರೆ ಸುಡುವ ಅಗತ್ಯವೇನಿತ್ತು ಎಂದು ಇಟಲಿಯಲ್ಲಿ ಕೇಳದವರಿಲ್ಲ.

ಶ್ವೈಟ್ಜರ್ ತಪ್ಪೊಪ್ಪಿಕೊಂಡ, ಅವನನ್ನು ಸೇನೆಯಿಂದ ವಜಾ ಮಾಡಿದರು, ಸೆರೆವಾಸ ಇಲ್ಲ. ಆಶ್ಬಿ ನ್ಯಾಯಕ್ಕೆ ಅಡ್ಡಿ ಮತ್ತು ಅಧಿಕಾರಿಗೆ ತಕ್ಕುದಲ್ಲದ ನಡತೆಗಾಗಿ 1999ರ ಮೇ ತಿಂಗಳಲ್ಲಿ ದೋಷಿಯಾದ. ಆರು ತಿಂಗಳ ಸೆರೆ, ಜೊತೆಗೆ ವಜಾ. ಸನ್ನಡತೆ ನೋಡಿ ನಾಲ್ಕೂವರೆ ತಿಂಗಳಿಗೆ ಬಿಟ್ಟರು. ಇಪ್ಪತ್ತು ಜನರನ್ನು ಕೊಂದದ್ದಕ್ಕೆ ಏನೂ ಇಲ್ಲ, ಒಂದು ಟೇಪ್ ಸುಟ್ಟದ್ದಕ್ಕೆ ಜೈಲು. ಕಾನೂನು ಬಲ್ಲವರು ಇದನ್ನು ವಿವರಿಸಬಲ್ಲರು: ನಿರ್ಲಕ್ಷ್ಯವನ್ನು ಸಂಶಯಾತೀತವಾಗಿ ಸಾಬೀತು ಮಾಡುವುದು ಕಷ್ಟ, ಸಾಕ್ಷ್ಯನಾಶ ಸುಲಭ. ಎರಡು ಸರ್ಕಾರಗಳ ನಡುವಿನ ವಿಶ್ವಾಸಕ್ಕೆ ಖುಲಾಸೆಗಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಈ ಟೇಪೇ ಎಂಬುದು ನಮ್ಮ ಅಂದಾಜು. ಖುಲಾಸೆಯನ್ನು ನ್ಯಾಯಾಲಯದ ತೀರ್ಮಾನ ಎಂದು ಹೇಳಿ ಪಕ್ಕಕ್ಕೆ ಸರಿಸಬಹುದು. ಮುಚ್ಚಿಟ್ಟದ್ದಕ್ಕೆ ಆ ರಕ್ಷಣೆ ಇಲ್ಲ.

ಖುಲಾಸೆ ಆದಾಗ ಇಟಲಿ ಸರ್ಕಾರ ಏನು ಮಾಡಿತು?

ಕಾಲದ ಹೊಂದಿಕೆ ನೋಡಿ. ಮಾರ್ಚ್ 4ಕ್ಕೆ ತೀರ್ಪು. ಮರುದಿನ ಪ್ರಧಾನಿ ಮಸ್ಸಿಮೊ ದಲೇಮಾ ವಾಷಿಂಗ್ಟನ್‌ನಲ್ಲಿ ಬಿಲ್ ಕ್ಲಿಂಟನ್ ಎದುರು ಕುಳಿತಿದ್ದರು. ಭೇಟಿ ಮೊದಲೇ ನಿಗದಿಯಾಗಿತ್ತು. ತೀರ್ಪು ತಮಗೆ ಅರ್ಥವಾಗದಂಥದ್ದು ಎಂದು ಅವರು ಬಹಿರಂಗವಾಗಿಯೇ ಹೇಳಿದರು. ದಲೇಮಾ ಬಂದದ್ದು ಹಳೆಯ ಕಮ್ಯುನಿಸ್ಟ್ ಪಕ್ಷದ ಗರಡಿಯಿಂದ. ಅವರ ಮೈತ್ರಿಕೂಟದಲ್ಲೇ ನೆಲೆಗಳನ್ನು ಮುಚ್ಚಿಸಿ ಎನ್ನುವವರಿದ್ದರು.

ಅಲ್ಲಿಂದ ಇಪ್ಪತ್ತೇ ದಿನ. ಮಾರ್ಚ್ 24ಕ್ಕೆ ಕೊಸೊವೊ ವಿಷಯವಾಗಿ ಯುಗೊಸ್ಲಾವಿಯಾದ ಮೇಲೆ ನೇಟೊ ಬಾಂಬ್ ದಾಳಿ ಶುರುವಾಯಿತು. ವಿಮಾನಗಳು ಎದ್ದದ್ದು ಎಲ್ಲಿಂದ? ಮುಖ್ಯವಾಗಿ ಅದೇ ಅವಿಯಾನೊದಿಂದ. ಪ್ರೌಲರ್‌ಗಳೂ ಹಾರಿದವು. ಇಟಲಿ ನೆಲೆಯನ್ನು ಮುಚ್ಚಲಿಲ್ಲ, ಮುಚ್ಚುವ ಸ್ಥಿತಿಯಲ್ಲೂ ಇರಲಿಲ್ಲ. ಮಿತ್ರರ ಜಗಳ ಎಷ್ಟು ಬಿಸಿಯಾದರೂ ಒಂದು ಮಟ್ಟದ ಮೇಲೆ ಏರದಿರುವುದು ಇದಕ್ಕೇ. ಇಬ್ಬರಿಗೂ ಮುಂದಿನ ವಾರ ಮತ್ತೊಂದು ಕೆಲಸ ಒಟ್ಟಿಗೆ ಮಾಡುವುದಿರುತ್ತದೆ.

ಅದೇ ವರ್ಷ ಆಗಸ್ಟ್‌ನಲ್ಲಿ, ಅಮೆರಿಕದಲ್ಲಿ ಸೆರೆಯಲ್ಲಿದ್ದ ಇಟಲಿಯ ಎಡಪಂಥೀಯ ಹೋರಾಟಗಾರ್ತಿ ಸಿಲ್ವಿಯಾ ಬರಾಲ್ದಿನಿಯನ್ನು ಉಳಿದ ಶಿಕ್ಷೆ ಅನುಭವಿಸಲು ಇಟಲಿಗೆ ಕಳಿಸಿದರು. ಇಟಲಿ ಇದನ್ನು ವರ್ಷಗಳಿಂದ ಕೇಳುತ್ತಿತ್ತು. ಚೆರ್ಮಿಸ್ ಸಾಲದ ಒಂದು ಕಂತು ಎಂದೇ ಬಹಳ ಇಟಾಲಿಯನ್ನರು ಇದನ್ನು ಓದಿದರು.

ಅಮೆರಿಕ ಕ್ಷಮೆ ಕೇಳಿತೇ?

ಕೇಳಿತು. ರಾಯಭಾರಿ ಥಾಮಸ್ ಫೋಲ್ಯೆಟಾ ಘಟನಾ ಸ್ಥಳಕ್ಕೆ ಹೋಗಿ ಮಂಡಿಯೂರಿ ಪ್ರಾರ್ಥಿಸಿ, ತಮ್ಮ ದೇಶದ ಪರವಾಗಿ ಕ್ಷಮೆ ಕೋರಿದರು. ಅವರದು ಇಟಾಲಿಯನ್ ಮೂಲದ ಕುಟುಂಬ. ವಿಷಾದವಿದೆ ಎಂದು ಕಾಗದದಲ್ಲಿ ಓದುವುದಕ್ಕೂ ಹಿಮದಲ್ಲಿ ಮಂಡಿಯೂರುವುದಕ್ಕೂ ಇರುವ ವ್ಯತ್ಯಾಸ ಆ ವಾರ ಇಟಲಿಯಲ್ಲಿ ಕೆಲಸ ಮಾಡಿತು. ಖುಲಾಸೆಯ ಮೇಲೆ ಅದೂ ಕರಗಿತು.

ಪರಿಹಾರ ಎಷ್ಟು, ಯಾರು ಕೊಟ್ಟರು?

8ನೇ ವಿಧಿಯ ಲೆಕ್ಕ ಸರಳ. ಸಂತ್ರಸ್ತರು ವಾಷಿಂಗ್ಟನ್‌ಗೆ ಅಲೆಯಬೇಕಿಲ್ಲ. ಅರ್ಜಿ ಹಾಕುವುದು ನೆಲೆ ಕೊಟ್ಟ ದೇಶಕ್ಕೆ; ತನ್ನದೇ ಸೇನೆ ತಪ್ಪು ಮಾಡಿದ್ದರೆ ಹೇಗೋ ಹಾಗೆ, ತನ್ನ ಕಾನೂನಿನಂತೆ ಆ ದೇಶವೇ ತೀರ್ಮಾನಿಸಿ ಹಣ ಕೊಡುತ್ತದೆ. ಆಮೇಲೆ ಸೇನೆ ಕಳಿಸಿದ ದೇಶದಿಂದ ಶೇಕಡ 75ನ್ನು ವಸೂಲಿ ಮಾಡಿಕೊಳ್ಳುತ್ತದೆ. ತಪ್ಪು ಪೂರ್ತಿ ಅತಿಥಿಯದೇ ಆದರೂ ಶೇಕಡ 25 ಮನೆಯೊಡೆಯನ ಜೇಬಿನಿಂದಲೇ. ಇಬ್ಬರದೂ ತಪ್ಪಿದ್ದರೆ ಸಮಪಾಲು. ಇದು ಕರ್ತವ್ಯದಲ್ಲಿ ಆದ ಹಾನಿಗೆ ಮಾತ್ರ.

ಚೆರ್ಮಿಸ್‌ನಲ್ಲಿ ಮೊದಲು ಪ್ರತಿ ಸಾವಿಗೆ 65,000 ಡಾಲರ್ ತುರ್ತು ನೆರವು ಸಿಕ್ಕಿತು. 4 ಕೋಟಿ ಡಾಲರಿನ ವಿಶೇಷ ನಿಧಿಗೆ ಅಮೆರಿಕದ ಕಾಂಗ್ರೆಸ್‌ನಲ್ಲಿ ಪ್ರಸ್ತಾವ ಬಂತು, 1999ರ ಮೇನಲ್ಲಿ ಅದು ಬಿದ್ದಿತು. ಖುಲಾಸೆಯಾಗಿ ಎರಡೇ ತಿಂಗಳಿಗೆ ಇದು! ಕೊನೆಗೆ ಡಿಸೆಂಬರ್‌ನಲ್ಲಿ ಇಟಲಿಯ ಸಂಸತ್ತೇ ಕಾನೂನು ಮಾಡಿ ಪ್ರತಿ ಸಾವಿಗೆ ಸುಮಾರು 19 ಲಕ್ಷ ಡಾಲರ್ ನಿಗದಿ ಮಾಡಿತು. ಇಪ್ಪತ್ತು ಜನಕ್ಕೆ ಗುಣಿಸಿದರೆ 3 ಕೋಟಿ 80 ಲಕ್ಷ. ಅದರ ಮುಕ್ಕಾಲು ಪಾಲು, ಅಂದರೆ 2 ಕೋಟಿ 85 ಲಕ್ಷದಷ್ಟು, ಒಪ್ಪಂದದಂತೆ ಅಮೆರಿಕದ ತಲೆಗೆ ಬಂತು, ಅದು ಕೊಟ್ಟಿತು. ತಾನಾಗಿ ಕೊಡಲು ಒಪ್ಪದ ಹಣವನ್ನು ವಿಧಿಯ ಹಿಂಬಾಗಿಲಿನಿಂದ ಕೊಟ್ಟಂತಾಯಿತು.

ಕವಲೇಸೆಯ ಜನರಿಗೆ ಇಷ್ಟೊಂದು ಕಹಿ ಉಳಿಯಲು ಬೇರೆ ಕಾರಣವಿದೆಯೇ?

ಇದೆ, ಹೊರಗಿನವರು ಇದನ್ನು ಮರೆಯುತ್ತಾರೆ. ಅದೇ ಚೆರ್ಮಿಸ್ ರೋಪ್‌ವೇಯಲ್ಲಿ 1976ರ ಮಾರ್ಚ್ 9ರಂದು ಒಂದು ಉಕ್ಕಿನ ಹಗ್ಗ ಇನ್ನೊಂದರ ಮೇಲೆ ಹಾಯ್ದು ಅದನ್ನು ಉಜ್ಜಿ ಕತ್ತರಿಸಿ, ಕ್ಯಾಬಿನ್ ಬಿದ್ದು 43 ಜನ ಸತ್ತಿದ್ದರು. ಬದುಕಿ ಉಳಿದದ್ದು 14 ವರ್ಷದ ಒಬ್ಬ ಹುಡುಗಿ. ಆಗ ರೋಪ್‌ವೇಯ ನಾಲ್ವರು ಜವಾಬ್ದಾರರನ್ನು ಇಟಲಿಯ ನ್ಯಾಯಾಲಯ ಜೈಲಿಗೆ ಕಳಿಸಿತು. ಊರಿನವರು ತಪ್ಪು ಮಾಡಿದಾಗ ಜೈಲು, ಪರದೇಶದ ಪೈಲಟ್ ಮಾಡಿದಾಗ ಖುಲಾಸೆ. ಎರಡನ್ನೂ ಕಂಡ ತಲೆಮಾರು ಅಲ್ಲಿ ಇನ್ನೂ ಇದೆ.

ತನಿಖಾ ವರದಿ ಏನು ಹೇಳಿತು? ಒಂದೇ ಅಪಘಾತಕ್ಕೆ ಹಲವು ತನಿಖೆಗಳೇಕೆ?

ಮಿಲಿಟರಿ ವಿಮಾನ ಬಿದ್ದರೆ ಸಾಮಾನ್ಯವಾಗಿ ಎರಡು ಸಾಲುಗಳಲ್ಲಿ ತನಿಖೆ ಓಡುತ್ತದೆ. ಒಂದು ಸುರಕ್ಷತಾ ತನಿಖೆ: ಮತ್ತೆ ಆಗದಂತೆ ಮಾಡುವುದಷ್ಟೇ ಗುರಿ. ಅಲ್ಲಿ ಪೈಲಟ್ ಹೇಳಿದ್ದನ್ನು ಅವನ ವಿರುದ್ಧವೇ ಬಳಸುವುದಿಲ್ಲ ಎಂಬ ಭರವಸೆ ಇರುತ್ತದೆ, ಆದ್ದರಿಂದ ವರದಿ ಗುಟ್ಟು. ಇನ್ನೊಂದು ಹೊಣೆ ಹುಡುಕುವ ತನಿಖೆ, ಇದರ ಫಲ ಹೊರಬರುತ್ತದೆ. ನೆಲೆ ಕೊಟ್ಟ ದೇಶದ ಪತ್ರಿಕೆಗಳು ಮೊದಲನೆಯದನ್ನು ಕೇಳಿ, ಸಿಗದಿದ್ದಾಗ ಮುಚ್ಚಿಹಾಕುತ್ತಿದ್ದಾರೆ ಎಂದು ಬರೆಯುತ್ತವೆ. ಅರ್ಧ ಸಿಟ್ಟು ಹುಟ್ಟುವುದು ಈ ಗೊಂದಲದಿಂದಲೇ.

ಚೆರ್ಮಿಸ್‌ನಲ್ಲಿ ಮರೀನ್ ಕೋರ್‌ನ ತನಿಖಾ ಮಂಡಳಿ 1998ರ ಮಾರ್ಚ್‌ನಲ್ಲೇ ವರದಿ ಕೊಟ್ಟಿತು: ವಿಮಾನ ತೀರಾ ಕೆಳಗೆ, ತೀರಾ ವೇಗವಾಗಿ ಹಾರಿದೆ. ದಳದ ಕಮಾಂಡರನ್ನು ಹುದ್ದೆಯಿಂದ ಇಳಿಸಿದರು. 2011ರಲ್ಲಿ ಇಟಲಿಯ ಲಾ ಸ್ಟಾಂಪಾ ಪತ್ರಿಕೆ ಆ ವರದಿಯ ಪೂರ್ತಿ ಪ್ರತಿಯನ್ನು ಪಡೆದು ಪ್ರಕಟಿಸಿದಾಗ ವಿಷಯ ಮತ್ತೆ ಎದ್ದಿತು. ತಪ್ಪು ತಮ್ಮದೇ ಎಂದು ಅವರ ತನಿಖೆಯೇ 1998ರಲ್ಲೇ ಬರೆದಿದ್ದರೆ ಖುಲಾಸೆ ಹೇಗಾಯಿತು ಎಂಬ ಪ್ರಶ್ನೆ ಎದ್ದಿತು. ತನಿಖಾ ವರದಿ ಬೇರೆ, ಕ್ರಿಮಿನಲ್ ತೀರ್ಪು ಬೇರೆ ಎಂಬ ಉತ್ತರ ಯಾರಿಗೂ ರುಚಿಸಲಿಲ್ಲ.

ನಿಯಮ ಏನಾದರೂ ಬದಲಾಯಿತೇ?

1999ರಲ್ಲಿ ಇಟಲಿಯ ಜನರಲ್ ಲಿಯೊನಾರ್ದೊ ತ್ರಿಕಾರಿಕೊ ಮತ್ತು ಅಮೆರಿಕದ ಅಡ್ಮಿರಲ್ ಜೋಸೆಫ್ ಪ್ರೂಹರ್ ನೇತೃತ್ವದ ಜಂಟಿ ಆಯೋಗ ಕೂತು ಕೆಳಮಟ್ಟದ ಹಾರಾಟಗಳ ನಿಯಮ ಬಿಗಿಮಾಡಿತು. ಇಟಲಿ ಅಧಿಕಾರಿಗಳ ಹಿಡಿತ ಹೆಚ್ಚಿತು, ಸ್ಥಳೀಯ ನಿಯಮ ಪೈಲಟ್‌ಗೆ ತಲುಪಿದೆಯೇ ಎಂದು ಖಚಿತಪಡಿಸುವ ಹೊಣೆ ಕಾಗದದ ಮೇಲೆ ಬಂತು. 7ನೇ ವಿಧಿಯಂತೂ 1951ರಲ್ಲಿ ಹೇಗಿತ್ತೋ ಹಾಗೇ ಇದೆ.

ಅಣುಬಾಂಬ್ ಹೊತ್ತ ವಿಮಾನ ಮಿತ್ರದೇಶದ ಮೇಲೆ ಬಿದ್ದದ್ದುಂಟೇ?

ಎರಡು ಸಲ, ದೊಡ್ಡದಾಗಿ. 1966ರ ಜನವರಿ 17ರಂದು ಸ್ಪೇನ್‌ನ ಪಾಲೊಮಾರೆಸ್ ಹಳ್ಳಿಯ ಮೇಲೆ, ಗಾಳಿಯಲ್ಲೇ ಇಂಧನ ತುಂಬಿಕೊಳ್ಳುವಾಗ ಬಿ–52 ಬಾಂಬರ್ ಮತ್ತು ಟ್ಯಾಂಕರ್ ವಿಮಾನ ಡಿಕ್ಕಿಯಾದವು. ನಾಲ್ಕು ಹೈಡ್ರೋಜನ್ ಬಾಂಬ್‌ಗಳಲ್ಲಿ ಮೂರು ನೆಲಕ್ಕೆ, ಒಂದು ಸಮುದ್ರಕ್ಕೆ. ಅಣುಸ್ಫೋಟ ಆಗಲಿಲ್ಲ, ಆದರೆ ಎರಡರೊಳಗಿನ ಸಾಮಾನ್ಯ ಸ್ಫೋಟಕ ಸಿಡಿದು ಪ್ಲುಟೋನಿಯಂ ಹೊಲಗದ್ದೆಗಳ ಮೇಲೆ ಹರಡಿತು. ಸಮುದ್ರದ ಬಾಂಬ್ ಮೇಲೆ ಬಂದದ್ದು ಏಪ್ರಿಲ್‌ನಲ್ಲಿ. ಸಮುದ್ರ ಸುರಕ್ಷಿತ ಎಂದು ತೋರಿಸಲು ಅಮೆರಿಕದ ರಾಯಭಾರಿ ಮತ್ತು ಸ್ಪೇನ್‌ನ ಸಚಿವ ಮಾನುವೆಲ್ ಫ್ರಾಗಾ ಕ್ಯಾಮೆರಾಗಳ ಮುಂದೆ ಈಜಿದರು. ಸುಮಾರು 1,400 ಟನ್ ಮಣ್ಣನ್ನು ಹಡಗಿನಲ್ಲಿ ಅಮೆರಿಕಕ್ಕೆ ಒಯ್ದರು. ಉಳಿದದ್ದನ್ನು ತೆಗೆಯುವ ಬಗ್ಗೆ 2015ರಲ್ಲೂ ಎರಡು ದೇಶಗಳು ಸಹಿ ಹಾಕಿದ್ದು ಬರೀ ಇಂಗಿತದ ಪತ್ರಕ್ಕೆ.

1968ರ ಜನವರಿ 21ರಂದು ಇನ್ನೊಂದು ಬಿ–52, ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್‌ನ ಥೂಲೆ ನೆಲೆಯ ಹತ್ತಿರ ಮಂಜುಗಡ್ಡೆಯ ಮೇಲೆ ಬಿತ್ತು. ಇಲ್ಲಿನ ಕಥೆ ಬೇರೆ. ತನ್ನ ನೆಲದಲ್ಲಿ ಅಣ್ವಸ್ತ್ರ ಬೇಡ ಎಂಬುದು ಡೆನ್ಮಾರ್ಕ್‌ನ ಘೋಷಿತ ನೀತಿ. ಎಲ್ಲರೂ ಅಮೆರಿಕದ ಮೇಲೆ ಹರಿಹಾಯ್ದರು. 1995ರಲ್ಲಿ ಹೊರಬಂದ ಸಂಗತಿ: 1957ರಲ್ಲಿ ಡೆನ್ಮಾರ್ಕ್‌ನ ಪ್ರಧಾನಿ ಎಚ್. ಸಿ. ಹ್ಯಾನ್ಸನ್ ಅವರೇ ಒಂದು ಪತ್ರದಲ್ಲಿ ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟಂತೆ ಬರೆದಿದ್ದರು. ಮಿತ್ರನ ಮೇಲೆ ಕೂಗಾಡುವ ಸರ್ಕಾರ ತನ್ನ ಕಪಾಟಿನ ಹಳೆಯ ಕಾಗದಗಳನ್ನು ಮೊದಲು ಓದಿಕೊಳ್ಳುವುದು ಒಳ್ಳೆಯದು.

ಜಪಾನ್‌ನಲ್ಲಿ ಪೊಲೀಸರನ್ನೇ ಒಳಗೆ ಬಿಡಲಿಲ್ಲವಂತೆ?

2004ರ ಆಗಸ್ಟ್ 13ರಂದು ಅಮೆರಿಕದ ಸಿಎಚ್–53ಡಿ ಹೆಲಿಕಾಪ್ಟರ್ ಓಕಿನಾವಾ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಸಿಬ್ಬಂದಿ ಮೂವರಿಗೆ ಗಾಯ. ಆದರೆ ಅಮೆರಿಕದ ಸೈನಿಕರು ಕ್ಯಾಂಪಸ್ಸನ್ನು ಸುತ್ತುವರಿದು ಜಪಾನ್ ಪೊಲೀಸರನ್ನೂ ಹೊರಗೆ ನಿಲ್ಲಿಸಿದರು. ಅಮೆರಿಕದ ಸೇನೆಯ ಸ್ವತ್ತನ್ನು ಅದರ ಒಪ್ಪಿಗೆಯಿಲ್ಲದೆ ಜಪಾನ್ ಶೋಧಿಸುವಂತಿಲ್ಲ ಎಂಬ ಒಪ್ಪಂದದ ಟಿಪ್ಪಣಿಯೇ ಅವರಿಗೆ ಆಧಾರ. ಮರುವರ್ಷ ಮಾಡಿದ ನಿಯಮದಲ್ಲಿ ಎರಡು ಬೇಲಿಗಳು ಬಂದವು: ಒಳ ಬೇಲಿಗೆ ಇಬ್ಬರ ಜಂಟಿ ಕಾವಲು, ಹೊರ ಬೇಲಿಗೆ ಜಪಾನ್ ಪೊಲೀಸರದ್ದು. 2019ರಲ್ಲಿ ಒಳ ಬೇಲಿಗೆ ಬೇಗ ಹೋಗಲು ಅವಕಾಶ ಕೊಡುವ ತಿದ್ದುಪಡಿ ಆಯಿತು. ಒಬ್ಬರೂ ಸಾಯದ ಅಪಘಾತ ಇಷ್ಟು ವರ್ಷ ಉರಿದದ್ದು ಅಂದು ಸೈನಿಕರು ಸುತ್ತುವರಿದು ನಿಂತ ರೀತಿಯಿಂದ.

ಇಂಥ ಸುದ್ದಿ ಬಂದಾಗ ಯಾವ ಪದಗಳನ್ನು ಗಮನಿಸಬೇಕು?

ಹಾರಾಟ ನಿಲ್ಲಿಸಲು 'ಕೋರಲಾಗಿದೆ' ಎಂಬುದನ್ನು. 2023ರ ನವೆಂಬರ್ 29ರಂದು ಜಪಾನ್‌ನ ಯಾಕುಶಿಮಾ ದ್ವೀಪದ ಬಳಿ ಅಮೆರಿಕದ ಸಿವಿ–22 ಓಸ್ಪ್ರೇ ಸೇನಾ ವಿಮಾನ ಬಿದ್ದು ಎಂಟು ಅಮೆರಿಕನ್ನರು ಸತ್ತರು. ಸುರಕ್ಷತೆ ಖಚಿತವಾಗುವವರೆಗೆ ಹಾರಿಸಬೇಡಿ ಎಂದು ಜಪಾನ್ ಹೇಳಿತು. ಅಧಿಕೃತ ಕೋರಿಕೆ ಬಂದಿಲ್ಲ ಎಂದು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಹೇಳಿತು, ಓಸ್ಪ್ರೇಗಳು ಹಾರುತ್ತಲೇ ಇದ್ದವು. ಇಡೀ ಪಡೆಯನ್ನು ನೆಲಕ್ಕಿಳಿಸಿದ್ದು ಡಿಸೆಂಬರ್ 6ಕ್ಕೆ, ಮತ್ತೆ ಹಾರಿಸಿದ್ದು 2024ರ ಮಾರ್ಚ್‌ನಲ್ಲಿ. ನೆಲೆ ಕೊಟ್ಟ ದೇಶ ಕೋರಬಹುದು. ಆಜ್ಞೆ ಮಾಡುವ ಅಧಿಕಾರ ಅದರ ಕೈಲಿಲ್ಲ. ಹಾಗೆಯೇ 'ವಿಷಾದ' ಎಂದರೆ ಹೊಣೆ ಒಪ್ಪಿಕೊಂಡಂತಲ್ಲ, 'ಸ್ವಯಂಪ್ರೇರಿತ ನೆರವು' ಎಂದರೆ ಪರಿಹಾರವಲ್ಲ.

ಭಾರತಕ್ಕೆ ಅಮೆರಿಕದ ಜೊತೆ ಇಂಥ ಒಪ್ಪಂದ ಇದೆಯೇ?

ಇಲ್ಲ. ಇಲ್ಲಿ ವಿದೇಶಿ ಸೇನಾನೆಲೆಗಳಿಲ್ಲ. 2016ರ ಲೆಮೋವಾ ಒಪ್ಪಂದ ಇಂಧನ, ದುರಸ್ತಿ, ಸರಬರಾಜಿನದ್ದು, ನೆಲೆ ಕೊಡುವುದಲ್ಲ.

ಆದರೆ ಇದೇ ಪ್ರಶ್ನೆಯನ್ನು ಭಾರತ ಇಟಲಿಯ ಜೊತೆಗೇ ಎದುರಿಸಿದೆ, ತಿರುವುಮುರುವಾಗಿ. 2012ರ ಫೆಬ್ರವರಿ 15ರಂದು ಕೇರಳದ ಕರಾವಳಿಯಾಚೆ, ಎನ್ರಿಕಾ ಲೆಕ್ಸಿ ಎಂಬ ತೈಲ ಹಡಗಿನ ಕಾವಲಿಗಿದ್ದ ಇಟಲಿ ನೌಕಾಪಡೆಯ ಇಬ್ಬರು ಯೋಧರು ಕಡಲ್ಗಳ್ಳರೆಂದು ತಿಳಿದು ಗುಂಡು ಹಾರಿಸಿ ಇಬ್ಬರು ಮೀನುಗಾರರನ್ನು ಕೊಂದರು. 1998ರಲ್ಲಿ ನಮ್ಮ ನೆಲ, ನಮ್ಮ ನ್ಯಾಯಾಲಯ ಎಂದಿದ್ದ ಇಟಲಿ ಈಗ ಅವರು ಕರ್ತವ್ಯದಲ್ಲಿದ್ದರು, ನಮಗೇ ಕೊಡಿ ಎಂದಿತು. ಹೇಗ್‌ನ ಪಂಚಾಯ್ತಿ ನ್ಯಾಯಮಂಡಳಿ 2020ರಲ್ಲಿ ಆ ವಾದ ಒಪ್ಪಿ, ಭಾರತಕ್ಕೆ ಪರಿಹಾರ ಸಲ್ಲಬೇಕೆಂದಿತು. ಇಟಲಿ 10 ಕೋಟಿ ರೂಪಾಯಿ ಕಟ್ಟಿತು: ಎರಡು ಕುಟುಂಬಗಳಿಗೆ ತಲಾ 4 ಕೋಟಿ, ದೋಣಿಯ ಮಾಲೀಕನಿಗೆ 2 ಕೋಟಿ. 2021ರ ಜೂನ್ 15ರಂದು ಸುಪ್ರೀಂ ಕೋರ್ಟ್ ಇಲ್ಲಿನ ಮೊಕದ್ದಮೆ ಮುಗಿಸಿತು. ವಿಚಾರಣೆ ಇಟಲಿಯಲ್ಲಿ ಮುಂದುವರಿಯಬೇಕಿತ್ತು. 2022ರ ಜನವರಿಯಲ್ಲಿ ರೋಮ್‌ನ ನ್ಯಾಯಾಧೀಶರು ಅದನ್ನೂ ಕೈಬಿಟ್ಟರು.